ಬಂಬೂತಿಯ ಮಗಳ ಇಪ್ಪತ್ತೊಂದು ದಿನ

ಸನಿಯ್ಯಾಳ ಹೆಸರನ್ನು ನಾನು ಮೊದಲು ಕೇಳಿದ್ದು ಅಂಗಿ ಕಾರ್ಖಾನೆಯ ಬಸ್ಸಿನಲ್ಲಿ, ನಾನು ಕೆಲಸಕ್ಕೆ ಹೊರಟ ಮೊದಲ ಬೆಳಿಗ್ಗೆ. ನನ್ನ ಗಂಡ ಪೋರ್ಟ್ ಸೈದಿನಿಂದ ಕಾಲುವೆಯ ಆಚೆ ದಡಕ್ಕೆ ಜನರನ್ನು ದಾಟಿಸುವ ಫೆರಿಯಲ್ಲಿ ಹಗ್ಗ ಎಸೆಯುವವನಾಗಿದ್ದ. ಅವನು ತೀರಿಹೋದ ಮೇಲೆ ನಮ್ಮ ವಿಧವೆಯರ ಪದ್ಧತಿಯಂತೆ ನಾಲ್ಕು ತಿಂಗಳು ಹತ್ತು ದಿನ ಕಪ್ಪು ಉಟ್ಟು ಮನೆಯೊಳಗೆ ಕೂತಿದ್ದೆ. ಅದು ಮುಗಿದ ಮರುದಿನವೇ ಬಸ್ಸು ಹತ್ತಿದೆ. ದೊಡ್ಡ ಹಬ್ಬ ಕಳೆದು ಒಂದು ವಾರವಾಗಿತ್ತು. ಬಸ್ಸಿನೊಳಗೆ ಹೆಂಗಸರೆಲ್ಲ ಯಾವುದೋ ನೋಟಿಸಿನ ವಿಷಯಕ್ಕೆ ಕೂಗಾಡುತ್ತಿದ್ದರು. ಒಬ್ಬಳು ಅಳುತ್ತಿದ್ದಳು. ಅವಳ ಪಕ್ಕದಲ್ಲಿ ಕೂತು ಕುಂಬಳದ ಬೀಜ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ ದಪ್ಪ ಹುಬ್ಬಿನವಳು ಹೇಳಿದಳು:

“ಈಗ್ಲೇ ಯಾಕೆ ಅಳ್ತಿ? ಸನಿಯ್ಯಾ ಓದ್ಲಿ ತಡಿ. ಆಮೇಲೆ ಎಲ್ಲರೂ ಸೇರಿ ಅಳೋಣ.”

ಆ ದಪ್ಪ ಹುಬ್ಬಿನವಳು ಫರ್ದೂಸ್. ಸನಿಯ್ಯಾ ಯಾರೆಂದು ಅವಳನ್ನೇ ಕೇಳಿದೆ.

“ನಾಲ್ಕನೇ ಲೈನಲ್ಲಿ ಕಾಲರ್ ಹೊಲಿಯೋಳು. ಬಂಬೂತಿ ಮಗಳು. ಇಂಗ್ಲಿಷ್ ಕಾಗದ ಬಂದ್ರೆ ಅವಳ ಮುಂದೆ ಇಡ್ತೀವಿ. ಮೀನಿನ ಕಿವಿರು ಎತ್ತಿ ನೋಡೋ ಹಾಗೆ ನೋಡಿ, ಹಳಸಿದ್ಯೋ ಇಲ್ವೋ ಹೇಳಿಬಿಡ್ತಾಳೆ.”

ಬಂಬೂತಿ ಎಂದರೆ ನಮ್ಮೂರಲ್ಲಿ ಹಡಗಿನ ಪಕ್ಕಕ್ಕೆ ಸಣ್ಣ ದೋಣಿ ಒಯ್ದು, ಮೇಲೆ ನಿಂತವರಿಗೆ ಚರ್ಮದ ಚೀಲ, ಹಿತ್ತಾಳೆ ತಟ್ಟೆ, ಹುಲ್ಲು ತುಂಬಿದ ಗೊಂಬೆ ಒಂಟೆ ಮಾರುವವನು. ಸರಕನ್ನು ಬುಟ್ಟಿಯಲ್ಲಿಟ್ಟು ಹಗ್ಗದಲ್ಲಿ ಮೇಲಕ್ಕೆ ಕಳಿಸುತ್ತಾನೆ, ದುಡ್ಡು ಅದೇ ಬುಟ್ಟಿಯಲ್ಲಿ ಕೆಳಗೆ ಬರುತ್ತದೆ. ಹತ್ತು ದೇಶದ ಮಾತು ಅವನ ನಾಲಗೆಯ ಮೇಲೆ. ಓದು ಬರಹ ಮಾತ್ರ ಸೊನ್ನೆ. ಅಂಥವನ ಮಗಳು ಇಂಗ್ಲಿಷ್ ಓದುತ್ತಾಳೆ ಎಂದರೆ ನಾನು ನಂಬಲಿಲ್ಲ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳನ್ನು ಕಂಡೆ. ಕುಳ್ಳಿ. ತಲೆವಸ್ತ್ರವನ್ನು ಗಲ್ಲದ ಕೆಳಗೆ ಗುಂಡುಸೂಜಿ ಚುಚ್ಚಿ ಬಿಗಿದಿದ್ದಳು. ನೂಲು ಕಡಿದು ಕಡಿದು ಮುಂದಿನ ಹಲ್ಲು ಸವೆದಿತ್ತು. ನೋಟಿಸನ್ನು ಗೋಡೆಯಿಂದ ಕಿತ್ತುಕೊಂಡೇ ಬಂದಿದ್ದಳು.

“ಹಬ್ಬದ ನಾಲ್ಕು ದಿನಾನೂ ಲೀವ್ ಅಂತ ಬರ್ದಿದ್ದಾರೆ, ಕಳ್ಳನನ್ಮಕ್ಳು.”

“ಅದಕ್ಕೇನಬ್ಲಾ?” ಎಂದಳು ಫರ್ದೂಸ್. ಅಬ್ಲಾ ಎಂದರೆ ನಮ್ಮಲ್ಲಿ ಅಕ್ಕನೂ ಹೌದು, ಶಾಲೆಯ ಟೀಚರಮ್ಮನೂ ಹೌದು. “ರಜ ಕೊಟ್ಟಿದ್ದು ನಿಜ ತಾನೆ?”

ನಮ್ಮ ಮಾತಿನಲ್ಲಿ ಎಲ್ಲದಕ್ಕೂ ರಜ ಎಂಬ ಒಂದೇ ಹೆಸರು. ಹಬ್ಬಕ್ಕೆ ಬಾಗಿಲು ಹಾಕಿದರೂ ರಜ, ಹಲ್ಲು ಕೀಳಿಸಲು ಹೋದರೂ ರಜ, ಶುಕ್ರವಾರವೂ ರಜ. ಆದರೆ ಕಾರ್ಖಾನೆಯ ಕಾಗದವೆಲ್ಲ ಇಂಗ್ಲಿಷಿನಲ್ಲಿ. ಅರಬಿ ಪ್ರತಿ ನಾಳೆ ಬರುತ್ತದೆ ಎನ್ನುತ್ತ ಆರು ವರ್ಷ ಕಳೆದಿದ್ದರು. ಅದರ ಕೆಳಗೆ ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು, ಬಲ್ಲವರು ಸಹಿ ಹಾಕುತ್ತಿದ್ದರು.

ಸನಿಯ್ಯಾ ಅಂಗಿಯ ಪೊಟ್ಟಣದೊಳಗೆ ಇಡುವ ಬಿಳಿ ರಟ್ಟೊಂದನ್ನು ಎತ್ತಿಕೊಂಡು ಮಾರ್ಕರ್ ಪೆನ್ನಿನಲ್ಲಿ ದಪ್ಪಗೆ ಎರಡು ಮಾತು ಬರೆದಳು. ಅಕ್ಷರ ಗುಂಡಗೆ, ದೋಣಿಯ ಮೂಗಿನ ಮೇಲೆ ಬಣ್ಣ ಹೊಡೆದು ಬರೆಯುವ ಹಾಗೆ, ತುದಿಗೆಲ್ಲ ಕೊಂಡಿ.

“ಇದು ಹಾಲಿಡೇ. ಇದು ಲೀವ್. ಹಾಲಿಡೇ ಅಂದ್ರೆ ರಂಜಾನಲ್ಲಿ ಬೀದೀಲಿ ಹಾಕ್ತಾರಲ್ಲ, ದೇವರ ಪಂಕ್ತಿ, ಅದು. ಯಾರು ಬೇಕಾದ್ರೂ ಕೂತ್ಕೊಂಡು ಉಣ್ಬಹುದು, ಹೆಸರೂ ಕೇಳಲ್ಲ. ಲೀವ್ ಅಂದ್ರೆ ನಿನ್ನ ಬುತ್ತಿ. ವರ್ಷಕ್ಕೆ ಇಪ್ಪತ್ತೊಂದು ತುತ್ತು. ನಿಂಗೆ ಹಸಿವಾದಾಗ ನೀನು ಬಿಚ್ಚೋದು. ಬೀದಿ ಪಂಕ್ತೀಲಿ ಉಂಡೆ ಅಂತ ನಿನ್ನ ಬುತ್ತಿಗೆ ಕೈ ಹಾಕಿದ್ರೆ, ಅವನಿಗೆ ಏನಂತಾರೆ?”

“ಶುಕ್ರಿ ಅಂತಾರೆ,” ಎಂದಳು ಫರ್ದೂಸ್.

ಮೇಜಿನ ಸುತ್ತ ಕೂತ ಮೂವತ್ತು ಹೆಂಗಸರು ನಕ್ಕ ನಗೆಗೆ ಬಟ್ಟಲಲ್ಲಿದ್ದ ಬೇಳೆ ಚೆಲ್ಲಿತು. ಸಿಬ್ಬಂದಿ ಕಚೇರಿಯಲ್ಲಿ ನಮ್ಮ ರಜದ ಲೆಕ್ಕ ಬರೆಯುವ ಸಾಹೇಬ, ಉಸ್ತಾದ್ ಶುಕ್ರಿಯ ಹೆಸರು ನನ್ನ ಕಿವಿಗೆ ಬಿದ್ದದ್ದು ಹಾಗೆ.

“ಮತ್ತೆ ಶುಕ್ರವಾರ?”

“ಅದು ಡೇ ಆಫ್. ಮಿಷನ್ನಿಗೂ ನಿಂಗೂ ಒಟ್ಟಿಗೆ ಎಣ್ಣೆ ಬಿಡೋ ದಿನ.”

“ವೆಕೇಶನ್ ಅಂತ ಟೀವೀಲಿ ಹೇಳ್ತಾರಲ್ಲ, ಅದು?”

“ಅದು ನಮ್ಮಂಥೋರ್ದಲ್ಲ. ಬಾಯಿ ಮುಚ್ಕೊಂಡು ಊಟ ಮಾಡು.”

ಆ ರಟ್ಟನ್ನು ನಾನು ನೂಲು ಕತ್ತರಿಸುವ ಮೇಜಿನ ಪಕ್ಕದ ಮೊಳೆಗೆ ಸಿಕ್ಕಿಸಿದೆ. ನನಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ. ಯುದ್ಧದಲ್ಲಿ ಊರು ಖಾಲಿ ಮಾಡಿಸಿದಾಗ ನಾನು ಮೂರನೆಯ ತರಗತಿ. ನನ್ನ ಶಾಲೆ ಅಲ್ಲಿಗೇ ನಿಂತಿತು. ಆದರೂ ಮೇಲಿನದು ಎಲ್ಲರದು, ಕೆಳಗಿನದು ನನ್ನದು ಎಂದು ಗುರುತಾಗುತ್ತಿತ್ತು.

ಆಮೇಲೆ ಪರಿಚಯ ಬೆಳೆಯಿತು. ಸಾಬಿರನ ತಾಯಿ ಎಂದು ನನ್ನನ್ನು ಎಲ್ಲರೂ ಉಮ್ಮ್ ಸಾಬಿರ್ ಎನ್ನುತ್ತಿದ್ದರು, ಅವಳೂ ಹಾಗೇ ಕರೆಯತೊಡಗಿದಳು. ಸಂಜೆ ಬಸ್ಸಿನಿಂದ ಇಳಿದು ನಾವಿಬ್ಬರೂ ಒಂದೇ ದಾರಿ. ಅವಳ ಇಂಗ್ಲಿಷಿನ ಕತೆಯನ್ನು ಆ ದಾರಿಯಲ್ಲಿ ಹೇಳಿದಳು. ಯುದ್ಧ ಮುಗಿದು ಕಾಲುವೆ ಮತ್ತೆ ತೆರೆದಾಗ ಅವಳಿಗೆ ಹದಿನೈದು. ಹೆಣ್ಣುಮಕ್ಕಳನ್ನು ದೋಣಿಗೆ ಹತ್ತಿಸುವುದಿಲ್ಲ. ದಡದಲ್ಲಿ ಕೂತು ಅಪ್ಪನಿಗೆ ಮಣಿಸರ ಪೋಣಿಸಿಕೊಡುತ್ತಿದ್ದಳು. ಅಪ್ಪ ದಡಕ್ಕೆ ಬಂದವನೇ ಆ ದಿನದ ಗಿರಾಕಿಗಳ ಕತೆ ಹೇಳುತ್ತಿದ್ದ. ಅವನ ಲೆಕ್ಕದಲ್ಲಿ ಇಂಗ್ಲಿಷ್ ಎಂದರೆ ಯಾರಿಗೆ ಏನು ಮಾರಬಹುದು ಎಂಬುದು, ಅಷ್ಟೇ.

“ವೆಕೇಶನ್ನಿನೋರು ಬಿಳೀ ಹಡಗಲ್ಲಿ ಬರ್ತಾರೆ, ಗಂಡಸ್ರೂ ಚಡ್ಡಿ ಹಾಕ್ಕೊಂಡಿರ್ತಾರೆ. ಹುಲ್ಲಿನ ಒಂಟೆ ತೋರ್ಸು. ಲೀವ್ ಮೇಲೆ ಊರಿಗೆ ಹೋಗೋ ಸಿಪಾಯಿಗೆ ಒಂಟೆ ಬೇಡ, ಹೆಂಡ್ತಿಗೆ ಏನಾದ್ರೂ ಬೇಕು, ಅವನಿಗೆ ದಿನ ಕಮ್ಮಿ, ಚೌಕಾಸಿ ಮಾಡಲ್ಲ. ಹಾಲಿಡೇ ದಿನ ಹಡಗಿನೋರೆಲ್ಲ ಮೇಲೇ ಇರ್ತಾರೆ, ಹಾಡ್ತಾರೆ, ನಿಂಗೂ ಒಂದು ತುಂಡು ಕೇಕ್ ಬುಟ್ಟೀಲಿ ಇಳಿಸ್ತಾರೆ, ಒಂದು ಕಾಸಿನ ವ್ಯಾಪಾರ ಇಲ್ಲ. ಡೇ ಆಫ್ ಇರೋ ನಾವಿಕನನ್ನ ಮಾತ್ರ ಎಬ್ಬಿಸ್ಬೇಡ. ನೀರು ಎರಚ್ತಾನೆ.” ಅಪ್ಪನ ದನಿಯಲ್ಲೇ ಹೇಳಿ, ತಾನೇ ನಗುತ್ತಿದ್ದಳು. ಅಕ್ಷರ ಕಲಿತದ್ದು ಹಡಗುಗಳ ಹೆಸರು ನೋಡಿ ನೋಡಿ. ಆಮೇಲೆ ಡಬ್ಬಿ, ಪೊಟ್ಟಣ, ಅಂಗಿಯ ಚೀಟಿ, ಸಿಕ್ಕಿದ್ದೆಲ್ಲ ಓದಿದಳು.

ಅವಳಿಗೆ ಗಂಡನಿರಲಿಲ್ಲ, ಬಿಟ್ಟು ಹೋಗಿದ್ದ. ಒಬ್ಬಳೇ ಮಗಳು ರಿಹಾಮ್. ಅವಳನ್ನು ದೂರದ ಕೆನಾ ಊರಿಗೆ ಕೊಟ್ಟಿದ್ದಳು, ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಯ ದಾರಿ. ರಿಹಾಮಳ ಎರಡು ಬಸಿರು ನಿಲ್ಲಲಿಲ್ಲ. ಎರಡು ಸಲವೂ ಸನಿಯ್ಯಾ ಹೋಗಲಾಗಲಿಲ್ಲ. ಎರಡನೆಯ ಸಲ ಫೋನಿನಲ್ಲಿ ಮಗಳು “ಅಮ್ಮ, ಇಲ್ಲಿ ನನ್ನ ಕೈ ಹಿಡಿಯೋರು ಯಾರೂ ಇಲ್ಲ” ಎಂದಳಂತೆ. ಮೂರನೆಯದು ನಿಂತಿತು ಎಂದು ಗೊತ್ತಾದ ದಿನ ಸನಿಯ್ಯಾ ಕುರಾನಿನ ಮೇಲೆ ಕೈಯಿಟ್ಟು ಮಾತು ಕೊಟ್ಟಳು: ನೋವು ಶುರುವಾಗುವ ಮೊದಲೇ ಬರುತ್ತೇನೆ, ಏಳನೆಯ ದಿನದ ಶಾಸ್ತ್ರ ಮುಗಿಸಿಯೇ ಹೊರಡುತ್ತೇನೆ. ರಿಹಾಮ್ ಹೇಳಿದಳಂತೆ, “ಹೆಣ್ಣಾದ್ರೆ ನಿನ್ನ ಹೆಸರೇ.”

ಅಲ್ಲಿಂದ ಅವಳು ಒಂದು ದಿನವೂ ಲೀವ್ ತೆಗೆದುಕೊಳ್ಳಲಿಲ್ಲ. ಜ್ವರ ಬಂದರೆ ಒದ್ದೆ ಬಟ್ಟೆಯನ್ನು ತಲೆವಸ್ತ್ರದೊಳಗೆ ಇಟ್ಟುಕೊಂಡು ಕಾಲರ್ ಹೊಲಿದಳು. ಅಪ್ಪ ಸತ್ತ ದಿನ ಮಧ್ಯಾಹ್ನದವರೆಗೆ ಹೊಲಿದು ಮಣ್ಣಿಗೆ ಹೋದಳು. “ಇಪ್ಪತ್ತೊಂದು ನನ್ನ ಮಗಳಿಗೆ,” ಎನ್ನುತ್ತಿದ್ದಳು.

ವಸಂತದ ಹೊತ್ತಿಗೆ ಅವಳು ಅರ್ಜಿ ಹಾಕಿದಳು. ಶುಕ್ರಿ ವಾಪಸು ಕಳಿಸಿದ ಚೀಟಿಯಲ್ಲಿ ಬಾಕಿ ಇದ್ದದ್ದು ನಾಲ್ಕೇ ದಿನ.

ಆ ಶುಕ್ರಿಯ ಬಗ್ಗೆ ಹೇಳಬೇಕು. ಈಗ ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ಕೈಯಲ್ಲಿ ಸದಾ ಜಪಮಣಿ. ದೇವರ ತೊಂಬತ್ತೊಂಬತ್ತು ಹೆಸರು ಎಣಿಸುತ್ತ ಎಣಿಸುತ್ತಲೇ ನಮ್ಮ ದಿನಗಳನ್ನೂ ಎಣಿಸಿ ಕೀಳುತ್ತಿದ್ದ. ಎರಡು ಹಬ್ಬದ ದಿನಗಳು, ಪ್ರವಾದಿ ಹುಟ್ಟಿದ ದಿನ, ಸೈನ್ಯದ ವಿಜಯದ ದಿನ, ಬಂದರಿನಲ್ಲಿ ಬಟ್ಟೆ ಸಿಕ್ಕಿಬಿದ್ದು ನಮ್ಮನ್ನು ಗೇಟಿನಿಂದಲೇ ಮನೆಗೆ ಕಳಿಸಿದ ದಿನಗಳು, ಎಲ್ಲವೂ ಲೀವ್.

ಸನಿಯ್ಯಾ ಅವನ ಕೋಣೆಗೆ ಹೋಗುವಾಗ ನನ್ನನ್ನೂ ಎಳೆದುಕೊಂಡು ಹೋದಳು.

“ಉಸ್ತಾದ್ ಶುಕ್ರಿ, ಇದು ತಪ್ಪಾಗಿದೆ.”

“ಏನ್ ತಪ್ಪು? ಹಬ್ಬದಲ್ಲಿ ಮಿಷನ್ ತುಳಿದ್ಯಾ?”

“ಇಲ್ಲ.”

“ಮನೇಲಿ ಕೂತು ಮಾಂಸ ತಿಂದೆ.”

“ತಿಂದೆ. ನೀವೂ ತಿಂದ್ರಿ. ನಿಮ್ಮ ಲೀವಲ್ಲಿ ಕಳೆದ್ರಾ?”

ಅವನ ಜಪಮಣಿ ನಿಂತಿತು. “ನೋಡು ಸನಿಯ್ಯಾ, ನಂಗೆ ಕಾಲೇಜಿನ ಸರ್ಟಿಫಿಕೇಟ್ ಇದೆ. ಹಡಗಿನ ಕೆಳಗೆ ನಿಂತ್ಕೊಂಡು ಬುಟ್ಟಿ ಹಿಡಿದೋನ ಮಗಳು ನಂಗೆ ಇಂಗ್ಲಿಷ್ ಕಲಿಸ್ತೀಯಾ?”

“ನಿಮಗೆ ಇಂಗ್ಲಿಷ್ ಚೆನ್ನಾಗೇ ಬರುತ್ತೆ ಉಸ್ತಾದ್. ಬರದೇ ಇದ್ದಿದ್ರೆ ತಪ್ಪು ಅಂತಿದ್ದೆ. ಬಂದೂ ಹೀಗೆ ಬರ್ದಿದ್ದೀರಲ್ಲ, ಅದಕ್ಕೆ ಬೇರೆ ಹೆಸರಿದೆ.”

ಇಷ್ಟು ಹೊತ್ತಿಗೆ ಬಾಗಿಲಲ್ಲಿ ಮೇಡಂ ಇನೋಕಾ ನಿಂತಿದ್ದಳು. ಸಿಂಹಳದವಳು, ಹೊಲಿಗೆ ವಿಭಾಗಕ್ಕೆಲ್ಲ ದೊಡ್ಡವಳು. ಅರಬಿ ಅರೆಬರೆ. ಗಲಾಟೆ ಏನೆಂದು ಕೇಳಿದಳು. ಸನಿಯ್ಯಾ ತನ್ನ ಬಂಬೂತಿ ಇಂಗ್ಲಿಷಿನಲ್ಲೇ ಹೇಳಿದಳು. ನನಗೆ ಅರ್ಥವಾದದ್ದು ಎರಡೇ ಮಾತು, ಮೊಳೆಯ ಮೇಲಿನ ರಟ್ಟಿನಲ್ಲಿದ್ದವು. ಇನೋಕಾ ಚೀಟಿಯನ್ನು ತೆಗೆದುಕೊಂಡು ಎರಡು ಸಲ ಓದಿದಳು. ಅವಳ ಮುಖ ಕೆಂಪಾಯಿತು. ಶುಕ್ರಿಗೆ ಏನೋ ಅಂದಳು. ಅವನು ಎದ್ದು ನಿಂತ. ಹೊರಗೆ ಬಂದ ಮೇಲೆ ಸನಿಯ್ಯಾ ನನ್ನ ತೋಳು ಗಟ್ಟಿಯಾಗಿ ಹಿಡಿದಳು, ಉಗುರು ಒತ್ತಿತು.

“ಇಡೀ ಲೈನಿನ ಲೆಕ್ಕ ತಿದ್ದಬೇಕು ಅಂದ್ಲು. ನನ್ನ ಕಾಗದಕ್ಕೆ ವಸಂತದ ಹಬ್ಬ ಮುಗಿದ ಮಂಗಳವಾರ ಸಹಿ ಹಾಕ್ತಾಳಂತೆ. ಬುಧವಾರ ರೈಲು. ಅಲ್ಲಿಂದ ರಿಹಾಮ್‌ಗೆ ಇನ್ನೂ ಹತ್ತು ಹನ್ನೆರಡು ದಿನ ಇರುತ್ತೆ. ಸಿಕ್ತು ಕಣೇ ಉಮ್ಮ್ ಸಾಬಿರ್! ಇಪ್ಪತ್ತೊಂದೂ ಸಿಕ್ತು!”

ಊಟದ ಮೇಜಿನಲ್ಲಿ ಸುದ್ದಿ ಹರಡಿತು. ಅಲ್ಲಿಗೆ ಸುಮ್ಮನಿರಬೇಕಿತ್ತು ನಾವು.

ಪೋರ್ಟ್ ಸೈದಿನವರಿಗೆ ಒಂದು ಪದ್ಧತಿ ಇದೆ, ಬೇರೆ ಊರಿನವರಿಗೆ ಇಲ್ಲ. ವಸಂತದ ಹಬ್ಬದ ಹಿಂದಿನ ಸಂಜೆ, ಆ ವರ್ಷ ಯಾರ ಮೇಲೆ ಸಿಟ್ಟಿದೆಯೋ ಅವರ ಗೊಂಬೆ ಮಾಡಿ ಬೀದಿಯಲ್ಲಿ ಸುಡುತ್ತೇವೆ. ಅದಕ್ಕೆ ಲಿಂಬಿ ಎನ್ನುತ್ತೇವೆ. ಇಂಗ್ಲಿಷರ ಕಾಲದಲ್ಲಿ ಅವರ ಒಬ್ಬ ದಂಡನಾಯಕನ ಗೊಂಬೆ ಸುಟ್ಟಲ್ಲಿಂದ ಬಂದದ್ದು. ಪ್ರತಿ ಬೀದಿಗೂ ಒಂದು ಲಿಂಬಿ. ಎದೆಯ ಮೇಲೆ ಅವನ ಪಾಪ ಬರೆದ ಹಲಗೆ. ಸುಟ್ಟು, ಬೈದು, ಹಾಡಿ, ಬೆಳಿಗ್ಗೆ ಎದ್ದು ಉಪ್ಪುಮೀನು, ಈರುಳ್ಳಿ ದಂಟು, ಬಣ್ಣದ ಮೊಟ್ಟೆ ಕಟ್ಟಿಕೊಂಡು ಸಮುದ್ರದಂಡೆಗೆ ಹೋಗುತ್ತೇವೆ. ಸುಡಿಸಿಕೊಂಡವರೂ ಮರುದಿನ ನಕ್ಕು ಸುಮ್ಮನಾಗುವುದು ವಾಡಿಕೆ. ಮಂತ್ರಿಯಾದರೂ ಅಷ್ಟೆ, ಮೀನಿನ ದಲ್ಲಾಳಿಯಾದರೂ ಅಷ್ಟೆ.

“ಈ ಸಲ ನಮ್ಮ ಬೀದಿ ಲಿಂಬಿ ಶುಕ್ರಿ,” ಎಂದಳು ಫರ್ದೂಸ್. ಅವಳೂ ನಮ್ಮ ಬೀದಿಯವಳೇ.

ತಲೆಯನ್ನು ಹೊಲಿದವಳು ನಾನು. ನನ್ನ ಗಂಡನ ಹಳೆಯ ಬನಿಯನ್ನಿಗೆ ಹುಲ್ಲು ತುಂಬಿ, ಕಣ್ಣಿಗೆ ಕಪ್ಪು ಗುಂಡಿ ಕೂರಿಸಿ, ತಂತಿ ಬಾಗಿಸಿ ಅವನದರ ಹಾಗೇ ಚೌಕ ಕನ್ನಡಕ ಹಾಕಿದೆ. ಕೈಗೆ ಆಲಿವ್ ಬೀಜದ ಜಪಮಣಿ. ನೋಡಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎದೆಯ ಮೇಲೆ ಏನು ಬರೆಯುವುದು ಎಂಬ ಮಾತು ಬಂದಾಗ ಫರ್ದೂಸ್ ತನ್ನ ಚೀಲದಿಂದ ಆ ರಟ್ಟನ್ನೇ ತೆಗೆದಳು. ಗುರುವಾರ ಹೊರಡುವಾಗ ಮೊಳೆಯಿಂದ ಬಿಚ್ಚಿ ತಂದಿದ್ದಳು.

“ನಾವು ಬರೆದ್ರೆ ಕೋಳಿ ಕೆದರಿದ ಹಾಗಿರುತ್ತೆ. ಅಬ್ಲಾ ಕೈಬರಹನೇ ಇರ್ಲಿ, ಚೆಂದ ಕಾಣುತ್ತೆ. ಊರೆಲ್ಲ ನೋಡ್ಲಿ ನಮ್ಮ ಅಬ್ಲಾ ಹೇಗೆ ಗೆದ್ಲು ಅಂತ.”

ನಾನೇ ಅದನ್ನು ಗೊಂಬೆಯ ಎದೆಗೆ ನಾಲ್ಕು ಮೂಲೆಯಲ್ಲೂ ಹೊಲಿದೆ. ಹೆಮ್ಮೆಯಿಂದ ಹೊಲಿದೆ. ಸನಿಯ್ಯಾ ನಮ್ಮ ಬೀದಿಗೆ ಬಂದಿರಲಿಲ್ಲ. ಮನೆಯಲ್ಲಿ ಕೂತು ಮಗುವಿಗೆ ಟೋಪಿ ಹೆಣೆಯುತ್ತಿದ್ದಳು. ಕತ್ತಲಾಗುತ್ತಲೇ ಲಿಂಬಿಯನ್ನು ಕಂಬಕ್ಕೆ ನೇತುಹಾಕಿ ಬೆಂಕಿ ಇಟ್ಟೆವು. ಸುಡುವ ಮೊದಲೂ ಸುಡುವಾಗಲೂ ಯಾರೋ ಫೋನಿನಲ್ಲಿ ಹಿಡಿದರು. ಈಗಿನ ಹಾಗೆ ಆಗಲೂ ಎಲ್ಲರ ಕೈಯಲ್ಲೂ ಒಂದೊಂದು ಇತ್ತು.

ಮಂಗಳವಾರ ಬೆಳಿಗ್ಗೆ ಮಿಷನ್ನುಗಳನ್ನು ನಿಲ್ಲಿಸಿದರು. ಶುಕ್ರಿ ನಾಲ್ಕನೆಯ ಲೈನಿನ ತಲೆಗೆ ಬಂದು ನಿಂತ. ಅವನ ಜೊತೆ ಮೇಡಂ ಇನೋಕಾ, ಅವಳ ಕೈಯಲ್ಲಿ ಅವನ ಫೋನು. ಆ ಪರದೇಶದವಳಿಗೆ ನಮ್ಮ ಲಿಂಬಿ ಏನು ಗೊತ್ತು? ಅವಳು ನೋಡಿದ್ದು ಒಬ್ಬ ಮನುಷ್ಯನನ್ನು ನೇಣು ಹಾಕಿ ಸುಡುವುದನ್ನು. ನಮ್ಮ ಪದ್ಧತಿ ಶುಕ್ರಿಗೆ ಗೊತ್ತಿತ್ತು. ಅವನೂ ಈ ಊರಲ್ಲೇ ಹುಟ್ಟಿದವನು, ಚಿಕ್ಕಂದಿನಲ್ಲಿ ಎಷ್ಟು ಲಿಂಬಿ ಸುಟ್ಟಿದ್ದನೋ. ಒಂದು ಮಾತು ಹೇಳಿ ಅವಳನ್ನು ನಗಿಸಬಹುದಿತ್ತು. ಹೇಳಲಿಲ್ಲ. ಕೊಲೆ ಬೆದರಿಕೆ ಎಂದ. ಕಾರ್ಖಾನೆಯ ಬಟ್ಟೆ ಕದ್ದು ಮಾಡಿದ್ದು ಎಂದ.

“ಇದು ಯಾರ ಅಕ್ಷರ?”

ಸನಿಯ್ಯಾ ಫೋನನ್ನು ಹತ್ತಿರಕ್ಕೆ ಹಿಡಿದು ನೋಡಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಅದು ಮುಖದಲ್ಲೇ ಕಂಡಿತು. ರಟ್ಟನ್ನು ನೋಡಿದಳು. ರಟ್ಟಿನ ಅಂಚಿನ ಹೊಲಿಗೆ ನೋಡಿದಳು. ಹೊಲಿಯುವವರಿಗೆ ಹೊಲಿಗೆ ಕೈಬರಹವಿದ್ದ ಹಾಗೆ. ತಲೆಯೆತ್ತಿ ನನ್ನ ಮೇಜಿನ ಕಡೆ ತಿರುಗಿದಳು.

“ಅಕ್ಷರ ನಂದೇ,” ಎಂದಳು.

“ಗೊಂಬೆ ಯಾರು ಮಾಡಿದ್ದು?”

ಅವಳು ಸಾಲಿನುದ್ದಕ್ಕೂ ನಮ್ಮನ್ನು ನೋಡಿದಳು. ಕಾದಳು. ಮೂವತ್ತೆರಡು ಜನ ಹೆಂಗಸರಿದ್ದೆವು ಅಲ್ಲಿ. ಬಸ್ಸಿನಲ್ಲಿ ಬಾಯಿ ನಿಲ್ಲದವರು. ಮೂವತ್ತೆರಡು ತಲೆಗಳೂ ಬಾಗಿದವು. ಫರ್ದೂಸ್ ಬಾಬಿನ್ನಿಗೆ ನೂಲು ಸುತ್ತತೊಡಗಿದಳು, ನಿಂತ ಮಿಷನ್ನಿನ ಮುಂದೆ! ನಾನು ಕತ್ತರಿಯನ್ನು ಒರೆಸಿದೆ. ನನ್ನ ಕರಾರು ಆ ತಿಂಗಳು ಮುಗಿಯುತ್ತಿತ್ತು, ಹೊಸದಕ್ಕೆ ಸಹಿ ಹಾಕಬೇಕಾದವನು ಶುಕ್ರಿ. ಇದು ಸಬೂಬಲ್ಲ; ನಡೆದದ್ದು ಹೀಗೆ ಎಂದು ಬರೆಯುತ್ತಿದ್ದೇನೆ. ‘ಅದು ನನ್ನ ಗಂಡನ ಬನಿಯನ್ನು, ಕಾರ್ಖಾನೆಯ ಬಟ್ಟೆಯಲ್ಲ’ ಎನ್ನಲು ಎಷ್ಟು ಉಸಿರು ಬೇಕು? ಅಷ್ಟೂ ಇರಲಿಲ್ಲ ನನ್ನೊಳಗೆ.

ಶುಕ್ರಿ ಹೇಳಿದ, ವಿಚಾರಣೆ ಮುಗಿಯುವವರೆಗೆ ಅವಳು ಗೇಟಿನ ಪಕ್ಕದ ಬೆಂಚಿನಲ್ಲಿ ಕೂರಬೇಕು. ಬೆಳಿಗ್ಗೆ ಬಂದು ಸಂಜೆಯವರೆಗೆ. ನಡುವೆ ಎದ್ದು ಹೋದರೆ ಕಳ್ಳತನ ಒಪ್ಪಿಕೊಂಡ ಹಾಗೆ, ಲೀವಿನ ಕಾಗದವೂ ಹರಿದ ಹಾಗೆ.

ಬುಧವಾರದ ರೈಲು ಹೋಯಿತು. ಅವಳು ಬೆಂಚಿನಲ್ಲಿ ಕೂತಿದ್ದಳು. ನಾವು ಬಸ್ಸಿನಿಂದ ಇಳಿದು ಅವಳ ಮುಂದೆಯೇ ಹಾದು ಒಳಗೆ ಹೋಗಬೇಕು. ಫರ್ದೂಸ್ ಎರಡು ರೊಟ್ಟಿ ಸುತ್ತಿ ಅವಳ ಪಕ್ಕದಲ್ಲಿಟ್ಟಳು.

“ತಗೊಂಡು ಹೋಗು,” ಎಂದಳು ಸನಿಯ್ಯಾ. “ರೊಟ್ಟಿ ನನ್ನ ಮನೇಲೂ ಇದೆ. ಇಲ್ಲಿ ಬೇಕಾಗಿರೋದು ನಾಲಗೆ.”

ಫರ್ದೂಸ್ ಅಳುತ್ತ ಓಡಿದಳು. ಓಡಿದ್ದು ತನ್ನ ಮಿಷನ್ನಿನ ಕಡೆಗೆ.

ಗುರುವಾರ ಮಧ್ಯಾಹ್ನ ನಾನು ರಟ್ಟಿನ ಕಟ್ಟು ಹೊತ್ತು ಗೇಟಿನ ಹತ್ತಿರ ಹೋದಾಗ ಅವಳ ಫೋನು ಬಡಿಯಿತು. ಕೆನಾದಿಂದ ಅಳಿಯ. ಹತ್ತು ದಿನ ಮೊದಲೇ, ಹಿಂದಿನ ರಾತ್ರಿಯೇ, ನೋವು ಬಂದಿತ್ತು. ಅವಳು ಎದ್ದು ನಿಂತಳು. ಗೇಟಿನ ಕಡೆ ಎರಡು ಹೆಜ್ಜೆ ಇಟ್ಟಳು. ತಿರುಗಿ ನನ್ನನ್ನು ನೋಡಿದಳು. ಆ ನೋಟ ಹೇಗಿತ್ತೆಂದು ಬರೆಯಲಾರೆ.

“ಉಮ್ಮ್ ಸಾಬಿರ್, ಹೇಳ್ತೀಯಾ ಇವತ್ತು? ಒಂದು ಮಾತು. ಸಂಜೆ ರೈಲಿಗೆ ಇನ್ನೂ ಹೊತ್ತಿದೆ.”

“ಹೇಳ್ತೀನಿ,” ಎಂದೆ.

ಅವಳು ಮತ್ತೆ ಕೂತಳು. ನನ್ನ ಮಾತು ನಂಬಿ ಕೂತಳು.

ನಾನು ಶುಕ್ರಿಯ ಕೋಣೆಯ ಬಾಗಿಲವರೆಗೆ ಹೋದೆ. ಒಳಗೆ ಅವನು ಯಾರೊಡನೆಯೋ ಚಹಾ ಕುಡಿಯುತ್ತ ನಗುತ್ತಿದ್ದ. ಅಲ್ಲಿಂದಲೇ ನನ್ನ ಮೇಜಿಗೆ ಮರಳಿದೆ. ಸಂಜೆ ಹಿಂದಿನ ಗೇಟಿನಿಂದ, ಸರಕಿನ ಲಾರಿಗಳ ನಡುವೆ ನುಸುಳಿ ಹೊರಗೆ ಹೋದೆ. ಕಳ್ಳಿ ಯಾರು ಎಂದು ಕೇಳಿದರೆ ಇಗೋ ನಾನು.

ಶುಕ್ರವಾರ ಬೆಳಕು ಹರಿಯುವಾಗ ರಿಹಾಮ್‌ಗೆ ಹೆಣ್ಣುಮಗು ಹುಟ್ಟಿತು. ಎರಡು ರಾತ್ರಿ ನೋವು ತಿಂದಿದ್ದಳು, ರಕ್ತ ಕೊಡಬೇಕಾಗಿ ಬಂತಂತೆ. ಪಕ್ಕದಲ್ಲಿ ನಾದಿನಿ ಒಬ್ಬಳು. ಶನಿವಾರ ವಿಚಾರಣೆ ಮುಗಿಯಿತು ಎಂದು ಒಂದು ಕಾಗದ ಕೊಟ್ಟು ಸನಿಯ್ಯಾಳನ್ನು ಕೆಲಸದಿಂದ ತೆಗೆದರು. ಅವಳು ಕೆನಾ ತಲುಪಿದ್ದು ಭಾನುವಾರ. ಮಗಳು ಬಾಣಂತಿ ಕೋಣೆಯ ಬಾಗಿಲಲ್ಲಿ ಅವಳನ್ನು ನೋಡಿ, ತಲೆಯನ್ನು ಗೋಡೆಯ ಕಡೆ ತಿರುಗಿಸಿ, “ಅತಿಥಿಗಳಿಗೆ ಹೊರಗಿನ ಕೋಣೇಲಿ ಚಾಪೆ ಹಾಕಿ” ಎಂದಳಂತೆ.

ಮಗುವಿಗೆ ರಿಹಾಮಳ ಅತ್ತೆಯ ಹೆಸರಿಟ್ಟರು.

“ನಾನು ಎಲ್ಲಾ ಹೇಳ್ದೆ,” ಎಂದಿದ್ದಳು ಸನಿಯ್ಯಾ, ತಿರುಗಿ ಬಂದ ಮೇಲೆ, ನೆರೆಯವಳ ಹತ್ತಿರ. “ಬೆಂಚು, ಗೊಂಬೆ, ಎಲ್ಲಾ. ಅವಳು ಏನಂದ್ಲು ಗೊತ್ತಾ? ‘ನಿಂಗೆ ನಾನಲ್ಲಮ್ಮ, ಆ ಕಾಗದ ಬೇಕಾಗಿತ್ತು. ಗೆದ್ದೆ ಅನ್ನಿಸ್ಕೋಬೇಕಾಗಿತ್ತು.’ ನಾನು ಕೂತ್ಕೊಂಡೆ ಅಂತ ಅವಳ ಸಿಟ್ಟು. ಯಾಕೆ ಕೂತ್ಕೊಂಡೆ ಅನ್ನೋದು ನನ್ನ ಬಾಯಿಂದ ಬಂದ್ರೆ ಅವಳ ಕಿವಿಗೆ ಹೋಗಲ್ಲ.”

ಇನ್ನು ಇದನ್ನು ಕೇಳಿ. ತಿಂಗಳು ತುಂಬುವುದರೊಳಗೆ ಕಾರ್ಖಾನೆಯ ಗೋಡೆಯ ಮೇಲೆ ಹೊಸ ಪಟ್ಟಿ ಬಂತು. ಮೇಡಂ ಇನೋಕಾ ಗೊಂಬೆಗೆ ಹೆದರಿದಳೇ ಹೊರತು ಲೆಕ್ಕ ಮರೆತಿರಲಿಲ್ಲ. ಅರಬಿಯಲ್ಲಿ ಅಚ್ಚು ಮಾಡಿಸಿದ್ದಳು. ಹಬ್ಬಕ್ಕೆ ಬಾಗಿಲು ಹಾಕುವ ದಿನಗಳು ಒಂದು ಸಾಲು, ಕೇಳಿ ಪಡೆಯುವ ರಜ ಇನ್ನೊಂದು ಸಾಲು. ಮೂವತ್ತೆರಡು ಹೆಸರು, ಎಲ್ಲರ ಮುಂದೆಯೂ ಕಿತ್ತುಕೊಂಡ ದಿನಗಳು ವಾಪಸು. ಮೂವತ್ಮೂರನೆಯ ಹೆಸರು ಇರಲಿಲ್ಲ. ಫರ್ದೂಸ್ ಬೆರಳು ತುಟಿಗಿಟ್ಟು ಮದುವೆಮನೆಯ ಉಲುಲು ಕೇಕೆ ಹಾಕಿದಳು.

“ಬಾಯಿ ಮುಚ್ಚೇ!” ಎಂದು ಕಿರುಚಿದೆ. ಮೊದಲ ಸಲ ನನ್ನ ಬಾಯಿಯಿಂದ ದನಿ ಹೊರಟದ್ದು ಆಗ, ಪಾಪದ ಫರ್ದೂಸಿನ ಮೇಲೆ.

“ನಾನೊಬ್ಳೇನಾ ಸುಮ್ನಿದ್ದೋಳು?” ಎಂದಳು ಅವಳು. “ತಲೆ ಹೊಲಿದ ಕೈ ಯಾರ್ದು?”

ನನ್ನ ಕರಾರಿಗೆ ಶುಕ್ರಿ ಸಹಿ ಹಾಕಿದ್ದ. ಆ ಸಹಿಯನ್ನು ಈಗಲೂ ಪೆಟ್ಟಿಗೆಯಲ್ಲಿಟ್ಟಿದ್ದೇನೆ, ಯಾಕೆಂದು ಕೇಳಬೇಡಿ.

ಸನಿಯ್ಯಾ ಅರಬ್ ಕೇರಿ ಎಂಬ ಹಳೆಯ ಪೇಟೆಯ ಒಬ್ಬ ದರ್ಜಿಗೆ ಮನೆಯಲ್ಲೇ ಕೂತು ಕಾಲರ್ ಹೊಲಿದುಕೊಟ್ಟು ಬದುಕಿದಳು. ಹಬ್ಬ ಹಬ್ಬಕ್ಕೂ ನಾನು ಸಕ್ಕರೆಪುಡಿ ಉದುರಿಸಿದ ಕಜ್ಜಾಯದ ತಟ್ಟೆ ಹಿಡಿದು ಹೋಗುತ್ತಿದ್ದೆ. ಅವಳು ಬಾಗಿಲು ತೆರೆಯುತ್ತಿದ್ದಳು, “ಬನ್ನಿ ಹಜ್ಜಾ, ಹಬ್ಬದ ಶುಭಾಶಯ” ಎನ್ನುತ್ತಿದ್ದಳು, ಚಹಾ ಕೊಡುತ್ತಿದ್ದಳು. ನಾನು ಹಜ್ಜಿಗೆ ಹೋದವಳಲ್ಲ. ಗುರುತಿಲ್ಲದ ಮುದುಕಿಯರನ್ನು ನಾವು ಹಾಗೆ ಕರೆಯುತ್ತೇವೆ. ಒಮ್ಮೆ ತಡೆಯಲಾರದೆ, “ಬೈದುಬಿಡೇ ಸನಿಯ್ಯಾ” ಎಂದೆ.

“ಬೈದ್ರೆ ನಿಂಗೆ ಹಗುರಾಗುತ್ತೆ,” ಎಂದಳು. ತಟ್ಟೆಯನ್ನು ಮುಟ್ಟಲಿಲ್ಲ.

ಕೆನಾದಿಂದ ಅವಳಿಗೆ ಫೋನು ಬರುತ್ತಿದ್ದುದು ಹಬ್ಬಕ್ಕೊಮ್ಮೆ. ಮೊಮ್ಮಗಳು ನಡೆಯಲು ಕಲಿತದ್ದನ್ನು ಅಳಿಯ ಹೇಳಿದ, ಮಗಳಲ್ಲ.

ಮೂರನೆಯ ವರ್ಷ ಅವಳ ಲಿವರ್ ಕೆಟ್ಟಿತು. ನಮ್ಮ ಕಡೆ ಬಹಳ ಜನರನ್ನು ತಿಂದ ರೋಗ ಅದು. ಹೊಟ್ಟೆ ನೀರು ತುಂಬಿ ಉಬ್ಬಿತು, ಕೈಕಾಲು ಕಡ್ಡಿಯಾಯಿತು. ರಿಹಾಮ್‌ಗೆ ತಿಳಿಸೋಣ ಎಂದು ನೆರೆಯವಳು ಹೇಳಿದರೆ, “ಕಾಯಿಲೆ ತೋರ್ಸಿ ಕರೆಸ್ಕೊಳ್ಳೋದು ಬೇಡ. ನಿಜ ಗೊತ್ತಾಗಿ ಬಂದ್ರೆ ಬರ್ಲಿ” ಎಂದಳಂತೆ. ಹಠ. ಸಾಯುವಾಗಲೂ ಬಿಡದ ಹಠ. ಒಂದು ಸಂಜೆ ಆ ನೆರೆಯವಳೇ ಬಂದು, “ನಿನ್ನ ಕರೀತಿದ್ದಾಳೆ” ಎಂದಳು. ಓಡಿದೆ.

ಸನಿಯ್ಯಾ ಕಿಟಕಿಯ ಕೆಳಗಿನ ದಿವಾನದ ಮೇಲೆ ಒರಗಿದ್ದಳು. ಕಣ್ಣು ಹಳದಿ. ಆದರೂ ತಲೆವಸ್ತ್ರಕ್ಕೆ ಗುಂಡುಸೂಜಿ ಸರಿಯಾಗಿ ಚುಚ್ಚಿತ್ತು.

“ಕೂತ್ಕೋ, ಉಮ್ಮ್ ಸಾಬಿರ್.”

ಮೂರು ವರ್ಷದ ನಂತರ ನನ್ನ ಹೆಸರು ಅವಳ ಬಾಯಲ್ಲಿ. ನಾನು ನೆಲದ ಮೇಲೆ ಕೂತೆ.

“ಈ ವರ್ಷ ಎಷ್ಟು ಲೀವ್ ಇದೆ ನಿನ್ನ ಹತ್ರ?”

“ಇಪ್ಪತ್ತೊಂದೂ ಇದೆ.”

“ಒಂದೂ ತಗೊಂಡಿಲ್ವಾ?”

“ಯಾವ ಮುಖ ಇಟ್ಕೊಂಡು ತಗೊಳ್ಲಿ?”

“ಹುಚ್ಚಿ. ಹೊಡೆದಾಡಿ ತಂದಿದ್ದನ್ನ ಕೊಳೆಸ್ತಾರಾ?” ಎಂದು ಸಿಟ್ಟಿನಿಂದ ಕೆಮ್ಮಿದಳು. ನೀರು ಕೊಟ್ಟೆ. ಒಂದು ಗುಟುಕು ಕುಡಿದು ಲೋಟ ತಳ್ಳಿದಳು. ಇದಾದ ಹನ್ನೊಂದನೆಯ ದಿನ ಅವಳನ್ನು ಮಣ್ಣು ಮಾಡಿದರು. ನಡುವೆ ಎರಡು ಸಲ ಹೋದರೂ ಅವಳಿಗೆ ಎಚ್ಚರವಿರಲಿಲ್ಲ. ಅವಳು ನನ್ನನ್ನು ಕೇಳಿದ ಕೊನೆಯ ಮಾತು ಆ ಸಂಜೆಯದೇ. ನನ್ನ ಮಣಿಕಟ್ಟನ್ನು ಹಿಡಿದುಕೊಂಡು ಕೇಳಿದಳು:

“ಅದ್ರಲ್ಲಿ ಮೂರು ದಿನ ನಂಗೆ ಕೊಡು. ಕೆನಾಗೆ ಹೋಗೋಕೆ ಒಂದು, ಬರೋಕೆ ಒಂದು. ನಡುವಿನ ದಿನ ನನ್ನ ರಿಹಾಮ್ ಎದುರಿಗೆ ಕೂತ್ಕೊಂಡು ಹೇಳು, ಅವಳಮ್ಮ ಆ ಬೆಂಚಿನ ಮೇಲೆ ಯಾರ ಮಾತು ನಂಬ್ಕೊಂಡು ಕೂತಿದ್ಲು ಅಂತ.”